ಬೈಂಡರನ ಪಥ್ಯ

ಡಾಕ್ಟರಮ್ಮ ವರದಿಯನ್ನು ಎರಡು ಸಲ ಓದಿ, ಮೂರನೆಯ ಸಲಕ್ಕೆ ಕನ್ನಡಕ ತೆಗೆದಿಟ್ಟು, ಎದುರಿಗೆ ಕೂತಿದ್ದ ಬೈಂಡರನ ಮುಖವನ್ನೇ ಓದತೊಡಗಿದರು. ಪುಸ್ತಕ ಕಟ್ಟುವುದು ಅವನ ಕಸುಬಾದ್ದರಿಂದ ಆ ವರದಿಯ ಬಗ್ಗೆ ಅವನಿಗೂ ಅಷ್ಟಿಷ್ಟು ಗೊತ್ತಿತ್ತು: ಕಾಗದ ತೆಳು, ಅಗ್ಗದ ಮಾಲು, ಮಡಿಸಿದ ಕಡೆ ಆರು ತಿಂಗಳಿಗೆ ಹರಿಯುತ್ತದೆ. ಅದರ ಮೇಲೆ ಬರೆದದ್ದು ಏನೆಂಬುದೊಂದು ತಿಳಿಯದು.

"ನಿಜ ಹೇಳಿ," ಎಂದರು ಡಾಕ್ಟರಮ್ಮ. "ಬ್ರೆಡ್ ತಿಂತಿದ್ದೀರಾ?"

"ಇಲ್ಲ ಡಾಕ್ಟ್ರೇ."

"ಬಿಸ್ಕತ್ತು? ಬನ್ನು? ಯಾರಾದ್ರೂ ಬಲವಂತ ಮಾಡಿ ಕೊಟ್ರೆ ಒಂದು ಚೂರು ಕೇಕು?"

"ಕೇಕು ನೋಡಿ ಒಂದು ವರ್ಷ ಆಯ್ತು. ಅದೂ ಗಾಜಿನ ಆಚೆ ಇತ್ತು."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಅವಳು ನಗಲಿಲ್ಲ. ಒಂದು ಕಾಲದಲ್ಲಿ ಗಂಡನ ಇಂಥ ಮಾತಿಗೆ ಅವಳೇ ಮೊದಲು ನಗುತ್ತಿದ್ದದ್ದು.

ಡಾಕ್ಟರಮ್ಮ ಲೆಕ್ಕ ಬಿಡಿಸಿ ಹೇಳಿದರು. ರಕ್ತದಲ್ಲಿ ಈ ಕಾಯಿಲೆಯನ್ನು ಅಳೆಯುವ ಒಂದು ಅಂಕಿ ಇದೆ. ಹತ್ತರ ಒಳಗಿರಬೇಕು. ಕಳೆದ ವರ್ಷ ಕಾಯಿಲೆ ಪತ್ತೆಯಾದಾಗ ಇವನದು ನೂರ ತೊಂಬತ್ತೆಂಟು ಇತ್ತು. ಒಂದು ವರ್ಷ ಪಥ್ಯ ಮಾಡಿದ ಮೇಲೆ ನೂರ ತೊಂಬತ್ತೊಂದು.

"ಇದು ಪಥ್ಯ ಮಾಡಿದ ರಕ್ತ ಅಲ್ಲ," ಎಂದರು. "ಎಲ್ಲಿಂದಲೋ ಗೋಧಿ ನಿಮ್ಮ ಹೊಟ್ಟೆಗೆ ಹೋಗ್ತಿದೆ. ಹೋಗ್ತಾನೇ ಇಲ್ಲ ಅನ್ನೋದಾದ್ರೆ ಆಗ ಇದು ಪಥ್ಯಕ್ಕೂ ಬಗ್ಗದ ಜಾತಿ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ, ದೊಡ್ಡಾಸ್ಪತ್ರೆಗೆ ಕಳಿಸಬೇಕು. ಆ ಜಾತಿ ಕೆಲವರಿಗೆ ಕರುಳಲ್ಲಿ ಗಡ್ಡೆ ಕಟ್ಟುತ್ತೆ. ಅದಕ್ಕೇ ಕೇಳ್ತಿದ್ದೀನಿ. ನೀವು ಕದ್ದು ತಿಂತಿದ್ದೀರಿ ಅಂದ್ರೆ ನನಗೆ ಸಂತೋಷ."

ಕದ್ದು ತಿನ್ನಲಿಲ್ಲವಲ್ಲ ಎಂದು ಮನುಷ್ಯ ಕೈ ಹಿಸುಕಿಕೊಳ್ಳುವ ಪ್ರಸಂಗಗಳು ಬಹಳ ಇರಲಾರವು. ಬೈಂಡರ್ ಆವತ್ತು ಹಿಸುಕಿಕೊಂಡ.

ಹದಿನೈದು ದಿನ ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ತರಬೇಕೆಂದು ಡಾಕ್ಟರಮ್ಮ ಹೇಳಿ ಕಳಿಸಿದರು. ನೀರು, ಗುಳಿಗೆ ಯಾವುದನ್ನೂ ಬಿಡುವ ಹಾಗಿಲ್ಲ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿಯಲ್ಲಿ, ಬಾರ್ಲಿಯಲ್ಲಿ ಗ್ಲೂಟೆನ್ ಎಂಬ ಒಂದು ಸತ್ವ ಇರುತ್ತದೆ. ಊರಿಗೆಲ್ಲ ಒಗ್ಗುವ ಆ ಸತ್ವವನ್ನು ಈ ಕಾಯಿಲೆಯವರ ಮೈ ಕಳ್ಳನೆಂದು ತಿಳಿದು, ಕಳ್ಳನನ್ನು ಹಿಡಿಯುವ ಭರದಲ್ಲಿ ತನ್ನದೇ ಕರುಳಿನ ಒಳಪದರವನ್ನು ಕೆಡವಿ ಹಾಕುತ್ತದೆ. ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಇದನ್ನು ಪತ್ತೆ ಮಾಡುವುದಕ್ಕೇ ನಾಲ್ಕು ವರ್ಷ ಹಿಡಿದಿತ್ತು. ಒಬ್ಬ ವೈದ್ಯರು ಗ್ಯಾಸ್ ಎಂದರು, ಇನ್ನೊಬ್ಬರು ಹುಣ್ಣು ಎಂದರು, ಮತ್ತೊಬ್ಬರು ಚಿಂತೆ ಬಿಡಿ ಎಂದು ಹೇಳಿ ಚಿಂತೆಗೆ ದಾರಿ ಮಾಡಿಕೊಟ್ಟರು. ಅಷ್ಟರಲ್ಲಿ ಎಂಬತ್ತೆರಡು ಕಿಲೋ ಇದ್ದ ಮನುಷ್ಯ ಐವತ್ತಮೂರಕ್ಕೆ ಇಳಿದಿದ್ದ. ಬಾಯಿ ತುಂಬ ಹುಣ್ಣು, ಪಾದಗಳಲ್ಲಿ ಜುಮುಜುಮು, ದಿನಕ್ಕೆ ಆರು ಸಲ ಪಾಯಿಖಾನೆ. ಪುಸ್ತಕ ಬಿಗಿಯುವ ಕಬ್ಬಿಣದ ಪ್ರೆಸ್ಸಿನ ಚಕ್ರ ತಿರುಗಿಸಲು ಎರಡೂ ಕೈ ಹಾಕಿ ನೇತಾಡಬೇಕಾಗಿತ್ತು.

ಅವನ ಅಂಗಡಿಗೆ ಅಂಟಿಕೊಂಡೇ ಒಂದು ಬೇಕರಿ ಇದೆ. ಬೇಕರಿಯವನಿಗೆ ಮಾಲಿನ ಜೊತೆ ತಮಾಷೆಯನ್ನೂ ಮಾರುವ ಚಟ. "ಏನಣ್ಣ, ಮೊದಲು ನಿಘಂಟು ಇದ್ದಂಗಿದ್ದೆ, ಈಗ ಪಾಕೆಟ್ ಡೈರಿ ಆಗಿದ್ದೀಯಲ್ಲ," ಎನ್ನುತ್ತಿದ್ದ. "ಇನ್ನೂ ಸ್ವಲ್ಪ ಇಳಿದ್ರೆ ಬುಕ್‌ಮಾರ್ಕು." ಬೈಂಡರ್ ಸಹ ನಗುತ್ತಿದ್ದ. ಗಿರಾಕಿಯಾಗಿ ಉಳಿಯಲಾಗದವನು ನಗುವಿನಲ್ಲಾದರೂ ಪಾಲುದಾರನಾಗಿರಬೇಕಲ್ಲ.

ಮನೆಯಲ್ಲಿ ಹೆಂಡತಿ ನಡೆಸುತ್ತಿದ್ದ ಪಥ್ಯವನ್ನು ನೋಡಿದರೆ ಸೈನ್ಯದವರು ಬಂದು ಪಾಠ ಹೇಳಿಸಿಕೊಳ್ಳಬೇಕು. ಪಾತ್ರೆ ಬೇರೆ ಬೇರೆ ಎಂದು ಮೊದಲು ಮಾಡಿದಳು. ಒಂದೇ ಸೌಟು ಎರಡು ಪಾತ್ರೆಗೆ ಹೋಗಬಹುದೆಂಬ ಅನುಮಾನ ಬಂದ ದಿನ ಮನೆಯಿಂದ ಗೋಧಿಯನ್ನೇ ಹೊರಗೆ ಹಾಕಿದಳು. ಹಳೆಯ ಮರದ ಸೌಟು, ಗೀರು ಬಿದ್ದ ಬಾಣಲೆ, ಜರಡಿ, ಎಲ್ಲ ಬೀದಿಗೆ. ಕಾಲೇಜಿಗೆ ಹೋಗುವ ಮಗಳು ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವ ಮುಂಚೆ ಹಿಂದಿನ ಸಣ್ಣಕ್ಷರವನ್ನು ಪರೀಕ್ಷೆಗೆ ಓದುವವಳಂತೆ ಓದಬೇಕು. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆಂದು ಆ ಮನೆಗೆ ತಿಳಿದದ್ದು ಹಾಗೆ. ಅನ್ನ, ಮೊಟ್ಟೆ, ಆಲೂಗಡ್ಡೆ, ಸೊಪ್ಪು, ಹಣ್ಣು. ಮಾರನೆಯ ದಿನ ಹಣ್ಣು, ಸೊಪ್ಪು, ಆಲೂಗಡ್ಡೆ, ಮೊಟ್ಟೆ, ಅನ್ನ. ಹೆಂಡತಿಯೂ ಮಗಳೂ ಅದನ್ನೇ ತಿಂದರು. ಬೆಳಗ್ಗೆ ಚಹಾದ ಜೊತೆ ಎರಡು ಚೂರು ಬ್ರೆಡ್ ಇಲ್ಲದೆ ಬಾಯಿ ಬಿಡದಿದ್ದ ಹೆಂಡತಿ ಒಂದು ವರ್ಷದಿಂದ ಬರೀ ಚಹಾ ಕುಡಿದು ಸುಮ್ಮನಿದ್ದಳು.

ಇಷ್ಟೆಲ್ಲ ಮಾಡಿದ ಮೇಲೆ ಇಳಿದದ್ದು ಏಳು.

ಡಾಕ್ಟರಮ್ಮನ ಬಳಿ ಹೋಗಿ ಬಂದ ಮಾರನೆಯ ದಿನ ಬೈಂಡರ್ ಕಾಗದ ಕೊಳ್ಳಲು ಹೋಗಿದ್ದ ಹೊತ್ತು ನೋಡಿಕೊಂಡು ಹೆಂಡತಿ ಬೇಕರಿಗೆ ಹೋದಳು.

"ಒಂದು ಮಾತು ಕೇಳ್ತೀನಿ, ಮುಚ್ಚುಮರೆ ಮಾಡ್ಬೇಡಿ. ನಮ್ಮನೆಯವ್ರು ಇಲ್ಲಿ ಬಂದು ಏನಾದ್ರೂ ತಿಂತಾರಾ?"

ಬೇಕರಿಯವನ ಕೈಯಲ್ಲಿ ಬಿಸಿ ತಟ್ಟೆ ಇತ್ತು, ಬಾಯಲ್ಲಿ ತಮಾಷೆ ಇತ್ತು. ತಟ್ಟೆಗಿಂತ ಮುಂಚೆ ತಮಾಷೆ ಕೆಳಗಿಟ್ಟ. "ದಿನಾ ಬರ್ತಾನಕ್ಕ. ನಾಲ್ಕು ಗಂಟೆಗೆ ಸರಿಯಾಗಿ. ಎರಡು ಬನ್ನು, ಮೇಲೆ ಬೆಣ್ಣೆ. ನೀವು ಬಂದ್ರೆ ಹೇಳ್ಬೇಡ ಅಂತ ಆಣೆ ಬೇರೆ ಹಾಕ್ಸಿದ್ದಾನೆ."

ಅವಳು ನಗದೆ ಹೊರಟುಹೋದಳು. ಅವಳು ನಗಲಿಲ್ಲ ಎಂಬುದು ಬೇಕರಿಯವನಿಗೆ ಹೊಳೆದದ್ದು ಎರಡು ದಿನ ಬಿಟ್ಟು.

ಬೈಂಡರ್ ಸಂಜೆ ಮನೆಗೆ ಬಂದಾಗ ಊಟದ ಮೇಜಿನ ನಡುವೆ ಒಂದು ಇಡೀ ಬ್ರೆಡ್ಡು ಕೂತಿತ್ತು. ಹೆಂಡತಿ ಅದರ ಆಚೆ ಕೂತಿದ್ದಳು. ವರ್ಷದ ಮೇಲೆ ಆ ಮನೆಯೊಳಗೆ ಆ ವಾಸನೆ ಬಂದಿತ್ತು. ಅವನ ಬಾಯಲ್ಲಿ ನೀರೂರಿತು. ಅದನ್ನು ಅವಳು ನೋಡಿದಳೆಂದು ಅವನಿಗೂ ಗೊತ್ತಾಯಿತು.

"ತಿನ್ನಿ," ಎಂದಳು. "ನನ್ನ ಎದುರಿಗೇ ತಿನ್ನಿ. ಕದ್ದು ಯಾಕೆ ತಿಂತೀರಾ?"

"ಏನೇ ಇದು?"

"ಬೇಕರಿಯವ್ರು ಎಲ್ಲಾ ಹೇಳಿದ್ರು. ನಾಲ್ಕು ಗಂಟೆಗೆ ಎರಡು ಬನ್ನು. ನಾನಿಲ್ಲಿ ಸೌಟು ಬಿಸಾಕ್ತಾ ಕೂತಿದ್ದೆ. ಮಗು ಗೆಳತಿಯರ ಜೊತೆ ಹೋದ್ರೂ ಏನೂ ಮುಟ್ಟಲ್ಲ, ಮನೆಗೆ ಬಂದು ಅಪ್ಪಂಗೆ ಅಂಟುತ್ತೇನೋ ಅಂತ ಕೈ ತೊಳ್ಕೊಳುತ್ತೆ. ನೀವು ಅಲ್ಲಿ ಬೆಣ್ಣೆ ಹಚ್ಚಿಸ್ಕೊಂಡು ತಿಂತಿದ್ರಿ."

ಬೇಕರಿಯವನ ನಾಲಿಗೆ ಬೈಂಡರನಿಗೆ ಚೆನ್ನಾಗಿ ಗೊತ್ತು. ಅವನು ತಮಾಷೆ ಮಾಡಿದ್ದಾನೆ ಎಂದು ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ. ಬೈಯುತ್ತಿದ್ದವಳ ಕಣ್ಣಲ್ಲಿ ಸಿಟ್ಟಿನ ಹಿಂದೆ ಇನ್ನೊಂದು ಇತ್ತು, ಮತ್ತು ಅದು ಬೇಡುತ್ತಿತ್ತು. ಹೂಂ ಅನ್ನಿ, ತಿಂದೆ ಅನ್ನಿ ಎಂದು ಬೇಡುತ್ತಿತ್ತು. ತಿಂದಿದ್ದರೆ ನಾಳೆಯಿಂದ ಬಿಡಿಸಬಹುದು, ಬಿಡಿಸಿದರೆ ಗಂಡ ಉಳಿಯುತ್ತಾನೆ. ತಿಂದಿಲ್ಲವೆಂದರೆ ದೊಡ್ಡಾಸ್ಪತ್ರೆ, ಗಡ್ಡೆ.

ಬೈಂಡರ್ ಕುರ್ಚಿ ಎಳೆದು ಕೂತ.

"ತಿಂದೆ," ಎಂದ. "ತಡ್ಕೊಳಕ್ಕಾಗ್ಲಿಲ್ಲ."

ಅವಳು ಬ್ರೆಡ್ಡನ್ನು ಎತ್ತಿಕೊಂಡು ಹೋಗಿ ಬೀದಿಯ ಡಬ್ಬಕ್ಕೆ ಹಾಕಿ ಬಂದು, ಮೇಜನ್ನು ಮೂರು ಸಲ ಒರೆಸಿ, ಅದೇ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ, ಎಷ್ಟೋ ತಿಂಗಳ ಮೇಲೆ, ಅವನ ತಟ್ಟೆಗೆ ಬಡಿಸುವಾಗ ಒಂದು ಹಾಡಿನ ಅರ್ಧ ಸಾಲು ಗುನುಗಿದಳು. ಅವನು ಅನ್ನ ಕಲಸುತ್ತ ತಲೆ ತಗ್ಗಿಸಿಕೊಂಡ. ಆ ಮನೆಯಲ್ಲಿ ಆವತ್ತಿನಿಂದ ಇಬ್ಬರಿಗೆ ಧೈರ್ಯ ಬಂತು. ಮೂರನೆಯವನೊಬ್ಬನಿಗೆ ತಾನು ತಿಂದಿಲ್ಲವೆಂಬುದು ಗೊತ್ತಿತ್ತು.

ಮಾರನೆಯ ಬೆಳಗ್ಗೆಯಿಂದ ಕಾವಲು ಶುರುವಾಯಿತು. ಹೊಲಿಗೆಯ ಬುಟ್ಟಿ ಹಿಡಿದುಕೊಂಡು ಹೆಂಡತಿ ಅಂಗಡಿಗೇ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೂತಲ್ಲಿಂದ ಬೇಕರಿಯ ದಾರಿ ಕಾಣಬೇಕು, ಅದಕ್ಕೆ ಆ ಜಾಗ.

ಉದ್ದಕ್ಕೂ ಒಂದೇ ಕೋಣೆಯ ಅಂಗಡಿ. ಮುಂದೆ ಮೇಜು, ಅದರ ಮೇಲೆ ಹದಿನಾರು ಪುಟಕ್ಕೊಂದರಂತೆ ಮಡಿಸಿದ ಫಾರಂಗಳ ಕಟ್ಟು; ಹಿಂದೆ ಹೊಲಿಗೆಯ ಚೌಕಟ್ಟು, ರಟ್ಟು ಕತ್ತರಿಸುವ ಯಂತ್ರ, ಕಬ್ಬಿಣದ ಪ್ರೆಸ್ಸು; ಮೂಲೆಯಲ್ಲಿ ಸಣ್ಣ ಒಲೆ, ಅಂಟಿನ ಪಾತ್ರೆ, ನಾಲ್ಕು ಬ್ರಷ್ಷು. ಅಪ್ಪನ ಕಾಲದಿಂದಲೂ ಹಾಗೇ. ಬೈಂಡರ್ ಬೆಳಗ್ಗೆ ಬಂದವನೇ ಅಂಟು ಕಾಯಿಸುತ್ತಾನೆ, ಆರಲು ಇಡುತ್ತಾನೆ, ಅಷ್ಟರಲ್ಲಿ ಬೆರಳನ್ನು ನಾಲಿಗೆಗೆ ಒತ್ತಿ ಒಂದೊಂದೇ ಹಾಳೆ ಎತ್ತಿ ಫಾರಂ ಎಣಿಸುತ್ತಾನೆ. ಮಧ್ಯಾಹ್ನ ಮನೆಯ ಡಬ್ಬಿ. ಸಂಜೆ ಆರಕ್ಕೆ ಬಾಗಿಲು.

ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ನಾಲ್ಕು ಗಂಟೆಗೆ ಸರಿಯಾಗಿ ಗಡಿಯಾರ ನೋಡಿ, ಅವನನ್ನು ನೋಡಿ, "ಆಸೆ ಆಗ್ತಿದೆಯಾ?" ಎಂದು ಕೇಳುವಳು.

"ಸ್ವಲ್ಪ."

"ತಡ್ಕೊಳ್ಳಿ." ಒಂದು ಬಾಳೆಹಣ್ಣು ಸುಲಿದು ಕೊಡುವಳು. ತಿನ್ನದ ಬನ್ನಿನ ಆಸೆಯನ್ನು ಬಾಳೆಹಣ್ಣಿನಿಂದ ತೀರಿಸಿಕೊಂಡು ಅವನು ಪುಸ್ತಕದಲ್ಲಿ ಬರೆಯುವನು: ನಾಲ್ಕು ಗಂಟೆ, ಬಾಳೆಹಣ್ಣು, ಒಂದು.

ಬೇಕರಿಯವನು ಮೂರನೆಯ ದಿನ ಕೈ ಹಿಸುಕುತ್ತ ಬಂದ. ಹೆಂಡತಿ ನೀರು ತರಲು ಹಿಂದಕ್ಕೆ ಹೋಗಿದ್ದಳು. "ಅಣ್ಣ, ನಾನು ಸುಮ್ನೆ ಒಂದು ಮಾತಂದೆ, ಅಕ್ಕ ನಿಜ ಅನ್ಕೊಂಡ್ರಾ?"

"ಅನ್ಕೊಂಡಳು."

"ಅಯ್ಯೋ, ಈಗ್ಲೇ ಹೋಗಿ ಹೇಳ್ತೀನಿ."

ಬೈಂಡರ್ ಅವನ ತೋಳು ಹಿಡಿದ. ಬಲವಿಲ್ಲದ ಹಿಡಿತ, ಆದರೂ ಬೇಕರಿಯವನು ನಿಂತ. "ಹೇಳ್ಬೇಡ. ಯಾರಾದ್ರೂ ಕೇಳಿದ್ರೆ ತಿಂತಿದ್ದ ಅನ್ನು."

ಬೇಕರಿಯವನು ಜೀವಮಾನದಲ್ಲಿ ಮೊದಲ ಸಲ ಏನೂ ಹೇಳದೆ ಹೋದ.

ಒಂಬತ್ತನೆಯ ದಿನ ಮಧ್ಯಾಹ್ನ ಪ್ರೆಸ್ಸಿನ ಚಕ್ರ ತಿರುಗಿಸುವಾಗ ಬೈಂಡರನಿಗೆ ಕಣ್ಣು ಕತ್ತಲಿಟ್ಟಿತು. ಚಕ್ರ ಹಿಡಿದುಕೊಂಡೇ ಮೆಲ್ಲಗೆ ಕೆಳಗೆ ಕೂತ. ಹೆಂಡತಿ ಸೂಜಿ ಬಿಟ್ಟು ಓಡಿ ಬಂದಳು. "ಏನಿಲ್ಲ, ಕಾಲು ಜಾರಿತು," ಎಂದ. ಹೊಟ್ಟೆ ಡೋಲಿನಂತೆ ಬಿಗಿದಿತ್ತು. ಆವತ್ತು ಐದು ಸಲ ಹಿಂದಿನ ಪಾಯಿಖಾನೆಗೆ ಹೋಗಿದ್ದ. ಅವಳಿಗೆ ಕೇಳಿಸದಿರಲೆಂದು ಪ್ರತಿ ಸಲವೂ ಬಕೆಟ್ಟಿಗೆ ನಲ್ಲಿ ಬಿಟ್ಟಿದ್ದ. ಬನ್ನು ಬಿಟ್ಟು ಒಂಬತ್ತು ದಿನ ಆಯಿತು, ಇನ್ನೇನು ಸರಿಹೋಗುತ್ತದೆ ಎಂದು ಅವಳು ಬೆನ್ನು ಸವರುತ್ತಿದ್ದಳು. ಬಿಡುವುದಕ್ಕೆ ಅವನ ಬಳಿ ಏನೂ ಉಳಿದಿರಲಿಲ್ಲ.

ನೆಲದ ಮೇಲೆ ಕೂತಲ್ಲಿಂದ ತನ್ನ ಅಂಗಡಿ ಅವನಿಗೆ ಹೊಸ ಕೋನದಲ್ಲಿ ಕಾಣಿಸಿತು. ಮೇಜಿನ ಅಡಿಯಲ್ಲಿ ಅಪ್ಪ ಸೀಸದಕಡ್ಡಿಯಲ್ಲಿ ಬರೆದಿಟ್ಟ ಯಾವುದೋ ಅಳತೆ. ಇದನ್ನೆಲ್ಲ ಯಾರಿಗೆ ಮಾರಬೇಕು, ಪ್ರೆಸ್ಸನ್ನು ಯಾರು ಕೊಳ್ಳುತ್ತಾರೆ, ಹೆಂಡತಿಗೆ ಈಗಲೇ ಹೇಳಿಡುವುದೋ ಇನ್ನೊಂದಷ್ಟು ದಿನ ಹಾಡು ಗುನುಗಲಿ ಎಂದು ಬಿಡುವುದೋ ಎಂದು ಲೆಕ್ಕ ಹಾಕಿದ. ಬಿಡುವುದೇ ಸರಿ ಎನಿಸಿತು.

ಹದಿನೈದು ದಿನ ಮುಗಿದ ಮೇಲೆ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತರು. ಕೂರುವ ಮುಂಚೆಯೇ ಹೆಂಡತಿ ವರದಿ ಒಪ್ಪಿಸಿದಳು.

"ಒಪ್ಕೊಂಡ್ರು ಡಾಕ್ಟ್ರೇ. ದಿನಾ ಎರಡು ಬನ್ನು ತಿಂತಿದ್ರಂತೆ. ಈಗ ಹದಿನೈದು ದಿನದಿಂದ ನಾನೇ ಜೊತೇಲಿದ್ದೀನಿ, ಏನೂ ಮುಟ್ಟಿಲ್ಲ."

ಡಾಕ್ಟರಮ್ಮನ ಭುಜ ಒಂದು ಅಂಗುಲ ಕೆಳಗಿಳಿಯಿತು. "ಬದುಕಿಸಿದ್ರಿ," ಎಂದರು. "ಹೊಟ್ಟೆ ಈಗ ಹೇಗಿದೆ?"

"ಪರವಾಗಿಲ್ಲ," ಎಂದ ಬೈಂಡರ್, ಮೇಜಿನ ಅಂಚು ನೋಡುತ್ತ.

ಅವರು ಪುಸ್ತಕ ಕೈಗೆತ್ತಿಕೊಂಡರು. ಬೈಂಡರನೇ ಹೊಲಿದು, ನೀಲಿ ಬಟ್ಟೆ ಹಾಕಿ ಕಟ್ಟಿದ ಪುಟ್ಟ ಪುಸ್ತಕ. ಹದಿನೈದು ದಿನದ ಬಾಳೆಹಣ್ಣಿಗೆ ಇಷ್ಟು ಚೆಂದದ ರಟ್ಟು ಯಾರೂ ಹಾಕಿರಲಾರರು. ಒಂದೊಂದೇ ಪುಟ ತಿರುವಿದರು. ಅನ್ನ, ಮೊಟ್ಟೆ, ಗುಳಿಗೆ, ನೀರು. ಆರೇಳು ಪುಟ ಆದ ಮೇಲೆ ಓದುವುದು ಬಿಟ್ಟು ಪುಟದ ಕೆಳಗಿನ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಹಿಂದಿನ ಪುಟದ ಮೂಲೆ ಮುಟ್ಟಿದರು. ಎಲ್ಲ ಪುಟಗಳ ಮೂಲೆಯಲ್ಲೂ ಒಣಗಿದ ಬಿಳಿ ಹಕ್ಕಳೆ, ಉಗುರು ತಾಗಿದರೆ ಪುಡಿಯಾಗುತ್ತಿತ್ತು.

"ಇದೇನು, ಗಟ್ಟಿಯಾಗಿದೆ?"

"ಅಂಟು. ಕೆಲಸದ ಮಧ್ಯ ಬರೀತೀನಲ್ಲ, ಬೆರಳಲ್ಲಿರುತ್ತೆ."

"ಪುಟ ತಿರುಗಿಸುವಾಗ ಬೆರಳು ಒದ್ದೆ ಮಾಡ್ಕೋತೀರಾ?"

"ಮಾಡ್ಕೊಳ್ದಿದ್ರೆ ಎರಡೆರಡು ಹಾಳೆ ಬರುತ್ತೆ ಡಾಕ್ಟ್ರೇ. ನಮ್ಮ ಕಸುಬೇ ಅದು."

"ದಿನಕ್ಕೆ ಎಷ್ಟು ಸಲ?"

ಇದನ್ನು ಅವನು ಎಂದೂ ಲೆಕ್ಕ ಹಾಕಿರಲಿಲ್ಲ. ಈಗ ಹಾಕಿದ. ದಿನಕ್ಕೆ ಹತ್ತು ಪುಸ್ತಕ, ಒಂದೊಂದಕ್ಕೆ ಇಪ್ಪತ್ತು ಫಾರಂ, ಎಣಿಸುವುದು ಎರಡು ಸಲ. "ಮುನ್ನೂರು, ನಾನೂರು."

"ಆ ಅಂಟು ಎಲ್ಲಿಂದ ತರ್ತೀರಿ?"

"ತರೋದ್ಯಾಕೆ, ನಾನೇ ಕಾಯಿಸ್ತೀನಿ. ಬೆಂದಿದೆಯೋ ಇಲ್ವೋ ಅಂತ ನಾಲಿಗೆಗೆ ಇಟ್ಟು ನೋಡಿದ್ರೇನೇ ಗೊತ್ತಾಗೋದು, ಅಪ್ಪ ಹಂಗೇ ಕಲಿಸಿದ್ದು. ಸ್ವಲ್ಪ ಪಟಿಕ ಹಾಕಿ, ಮೈದಾ..."

ಮಾತು ಅಲ್ಲೇ ನಿಂತಿತು. ಮೈದಾ ಗೋಧಿಯ ಹಿಟ್ಟೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮನೆಯ ಮೈದಾ ಡಬ್ಬಿಯನ್ನು ತಾನೇ ಎಸೆದಿದ್ದ. ಆದರೆ ಅದು ಅಡುಗೆಮನೆಯ ಮೈದಾ. ಇದು ಅಂಗಡಿಯ ಸಾಮಾನು, ರಟ್ಟು, ದಾರ, ಸೂಜಿಗಳ ಸಾಲಿನಲ್ಲಿ ಇರುವಂಥದ್ದು. ಸೂಜಿ ತಿನ್ನುತ್ತೀಯಾ ಎಂದು ಯಾರೂ ಬೈಂಡರನನ್ನು ಕೇಳುವುದಿಲ್ಲ. ಬಾಗಿಲಲ್ಲಿ ಕೂತು ಹದಿನೈದು ದಿನ ಕಾದವಳಿಗೂ ಅದು ಕಾಣಲಿಲ್ಲ. ಮದುವೆಯಾದಂದಿನಿಂದ ಅವನ ಬೆರಳು ನಾಲಿಗೆಗೆ ಹೋಗುವುದನ್ನು ನೋಡುತ್ತ ಬಂದವಳಿಗೆ ಅದು ಅವನ ಉಸಿರಾಟದಷ್ಟೇ ಕಾಣುತ್ತಿದ್ದದ್ದು.

ಹೆಂಡತಿ ಮೊದಲು ಬಾಯಿ ತೆರೆದಳು. "ಹಂಗಾದ್ರೆ ಬನ್ನು?"

"ಬನ್ನು ತಿಂದಿಲ್ಲ ಕಣೇ."

"ಒಂದೂ?"

"ಒಂದೂ ಇಲ್ಲ."

"ಮತ್ಯಾಕೆ ತಿಂದೆ ಅಂದ್ರಿ?"

ಕೇಳಿದ ಮರುಕ್ಷಣವೇ ಅವಳಿಗೆ ಉತ್ತರ ಹೊಳೆಯಿತು. ಅವಳು ಕೈಚೀಲದಿಂದ ಅವನ ಬೆನ್ನಿಗೆ ಒಂದು ಏಟು ಹಾಕಿ, ಅದೇ ಬೆನ್ನಿಗೆ ಹಣೆ ಒತ್ತಿಕೊಂಡಳು. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿದರು. ಆ ಮೇಲೆ, ಕಸುಬಿನವರ ದನಿಯಲ್ಲಿ, "ಇದೇ ಇರಬೇಕು ಅಂತ ಹೇಳೋಕಾಗಲ್ಲ. ಇದನ್ನ ನಿಲ್ಲಿಸಿ ಮೂರು ತಿಂಗಳು ನೋಡೋಣ. ಇಳಿದ್ರೆ ಇದೇ. ಇಳೀದಿದ್ರೆ ನಾನು ಮೊದಲು ಹೇಳಿದ್ದು," ಎಂದರು.

ನಿಲ್ಲಿಸಿ ಎನ್ನುವುದು ಸುಲಭ. ಅಕ್ಕಿಹಿಟ್ಟಿನಲ್ಲಿ ಅಂಟು ಕಾಯಿಸಲು ಅವನು ವಾರದಲ್ಲಿ ಕಲಿತ. ಬ್ರಷ್ಷು, ಪಾತ್ರೆ, ಮೇಜಿನ ಮೇಲುಹಾಸು ಎಲ್ಲ ಬದಲಾಯಿಸಿದರು. ಹೆಂಡತಿ ಮತ್ತು ಮಗಳು ಎರಡು ದಿನ ಕೂತು ಗೋಡೆಯಿಂದ ನೆಲದವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬೆರಳು ಮಾತ್ರ ಮಾತು ಕೇಳಲಿಲ್ಲ. ತಲೆ ಬೇಡವೆನ್ನುವ ಹೊತ್ತಿಗೆ ಅದು ನಾಲಿಗೆ ಮುಟ್ಟಿ ಬಂದು ಹಾಳೆ ಎತ್ತಿರುತ್ತಿತ್ತು. ಹೆಂಡತಿ ಬೆರಳಿಗೆ ಬೇವಿನ ರಸ ಹಚ್ಚಿದಳು. ಕಹಿಗೆ ಮುಖ ಕಿವಿಚುತ್ತ ದಿನಕ್ಕೆ ನಾನೂರು ಸಲ ಬೇವು ನೆಕ್ಕಿದ. ಆಮೇಲೆ ರಬ್ಬರಿನ ಬೆರಳುಟೋಪಿ ಹಾಕಿದಳು. ಅದು ನಾಲಿಗೆಗೆ ತಾಗಿದರೆ ಓಕರಿಕೆ ಬರುತ್ತಿತ್ತು. ಓಕರಿಕೆ ಕೆಲಸ ಮಾಡಿತು. ಮೂವತ್ತು ವರ್ಷದ ಅಭ್ಯಾಸ ಇಪ್ಪತ್ತೆಂಟು ದಿನಕ್ಕೆ ಮಣಿಯಿತು.

ಮೂರು ತಿಂಗಳಿಗೆ ಅಂಕಿ ನೂರ ಹದಿನಾಲ್ಕಾಯಿತು. ತೂಕ ಎರಡು ಕಿಲೋ ಏರಿತು. ಹೆಂಡತಿ ಅಲ್ಲೇ ಅಳಲು ಸಿದ್ಧಳಾಗಿದ್ದಳು. ಇನ್ನೂ ಮೂರು ತಿಂಗಳಿಗೆ ನೂರ ಹತ್ತು. ಅಲ್ಲಿಗೇ ನಿಂತಿತು. ಮತ್ತೆ ಸಂಜೆಯ ಹೊಟ್ಟೆಯುಬ್ಬರ, ಮತ್ತೆ ಬಾಯಿಹುಣ್ಣು.

"ಇನ್ನೂ ಎಲ್ಲೋ ಇದೆ," ಎಂದರು ಡಾಕ್ಟರಮ್ಮ. "ಹುಡುಕಿ. ಈ ಸಲ ಇಳೀಲಿಲ್ಲ ಅಂದ್ರೆ ನಾನು ದೊಡ್ಡಾಸ್ಪತ್ರೆಗೆ ಕಾಗದ ಬರೀಲೇಬೇಕು."

ಹುಡುಕುವ ಕಷ್ಟ ಇರಲಿಲ್ಲ. ಬೈಂಡರನಿಗೆ ಅದು ಒಂದು ತಿಂಗಳಿಂದ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದ, ಅಷ್ಟೇ. ಆವತ್ತು ದಾರಿಯಲ್ಲಿ ಹೆಂಡತಿಗೆ ಹೇಳಿದ. ಅವನ ಕೆಲಸದಲ್ಲಿ ಅರ್ಧ ಹೊಸ ಪುಸ್ತಕ, ಅರ್ಧ ಹಳೆಯದು. ಹಳೆಯ ಪುಸ್ತಕ ರಿಪೇರಿಗೆ ಬಂದರೆ ಮೊದಲು ರಟ್ಟು ಕಳಚಿ, ಬೆನ್ನಿಗೆ ಹೆಪ್ಪುಗಟ್ಟಿದ ಹಳೇ ಅಂಟನ್ನು ಕತ್ತಿಯಿಂದ ಕೆರೆದು ತೆಗೆಯಬೇಕು. ನೀರು ಹಾಕಿ ನೆನೆಸಿದರೆ ಹಳೆಯ ಶಾಯಿ ಹರಡುತ್ತದೆ, ಒಣಗಿದ್ದನ್ನೇ ಕೆರೆಯಬೇಕು. ಕೆರೆದಾಗ ಬಿಳಿ ಧೂಳು ಹೊಗೆಯಂತೆ ಏಳುತ್ತದೆ. ಮುಖಕ್ಕೆ ಎಷ್ಟೇ ಬಟ್ಟೆ ಕಟ್ಟಿದರೂ ಹಲ್ಲಿನ ಸಂದಿಯಲ್ಲಿ ಅದರ ರುಚಿ ಇರುತ್ತದೆ. ಆ ಊರಿನ ಶಾಲೆ, ಕಚೇರಿ, ಗ್ರಂಥಾಲಯಗಳ ಪುಸ್ತಕಗಳನ್ನೆಲ್ಲ ಕಟ್ಟಿದವರು ಇಬ್ಬರೇ. ಮೊದಲು ಅವನ ಅಪ್ಪ, ಆಮೇಲೆ ಅವನು. ಐವತ್ತು ವರ್ಷದ ಮೈದಾ, ಅಪ್ಪ ಬೇಯಿಸಿದ್ದು, ತಾನು ಬೇಯಿಸಿದ್ದು, ಕಪಾಟುಗಳಲ್ಲಿ ಸಾಲಾಗಿ ನಿಂತು ಸರದಿಗೆ ಕಾಯುತ್ತಿತ್ತು.

ಆ ವಾರವೇ ಲೈಬ್ರರಿಯ ಮೇಡಂ ಕೈಗಾಡಿಯಲ್ಲಿ ನಲವತ್ತು ಹಳೆಯ ಸಂಪುಟ ಹೇರಿಸಿಕೊಂಡು ಬಂದರು. ದಪ್ಪ ದಪ್ಪ ಪುಸ್ತಕಗಳು, ಎಲ್ಲವೂ ಅಪ್ಪನ ಕೈಯವು.

"ಹಳೇದನ್ನ ಇನ್ಮೇಲೆ ಮಾಡಲ್ಲ ಮೇಡಂ," ಎಂದ ಬೈಂಡರ್.

"ಮಾಡಲ್ಲ ಅಂದ್ರೆ? ನಿಮ್ಮನ್ನ ಬಿಟ್ರೆ ಯಂತ್ರದವ್ರಿಗೇ ಕೊಡಬೇಕು. ಅವ್ರು ಬೆನ್ನನ್ನೇ ಕತ್ತರಿಸಿ ಹಾಕಿ ಬಿಸಿ ಗೋಂದು ಮೆತ್ತಿ ಕಳಿಸ್ತಾರೆ. ಹೊಲಿಗೇನೂ ಹೋಯ್ತು, ಅಂಚಿನ ಅಕ್ಷರಾನೂ ಹೋಯ್ತು. ಎರಡು ವರ್ಷಕ್ಕೆ ಹಾಳೆ ಉದುರುತ್ತೆ. ನಿಮಗೆ ನಾನು ಹೇಳ್ಬೇಕಾ?"

ಅವನು ಮೇಲಿನ ಸಂಪುಟದ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಒಂದೇ ಸಲ, ಇದೊಂದು ಲಾಟು, ಎಂದು ಬಾಯಿಗೆ ಬರುತ್ತಿತ್ತು. ಬಾಗಿಲ ಪಕ್ಕದ ಸ್ಟೂಲಿನಲ್ಲಿದ್ದ ಹೆಂಡತಿ ಅದು ಬಾಯಿಗೆ ಬರುವುದನ್ನು ಅವನಿಗಿಂತ ಮುಂಚೆ ಕಂಡಳು.

"ಇಳಿಸಿ ಮೇಡಂ," ಎಂದಳು. "ಕೆರೆಯೋದು ನಾನು ಕೆರೀತೀನಿ. ಇವ್ರು ಹೊಲೀತಾರೆ."

"ನಿಂಗೆ ಬರಲ್ಲ ಕಣೇ," ಎಂದ ಬೈಂಡರ್. "ಅದಕ್ಕೆ ಕೈ ಪಳಗಿರ್ಬೇಕು. ಒಂದು ಕೂದಲೆಳೆ ಒಳಗೆ ಹೋದ್ರೆ ಮಡಿಕೆ ಹರೀತು. ಮಡಿಕೆ ಹರಿದ್ರೆ ಹೊಲಿಯೋಕೆ ಏನಿರುತ್ತೆ?"

"ನಿಮ್ಮಪ್ಪಂಗೂ ಹುಟ್ಟುತ್ತಲೇ ಬರ್ತಿರ್ಲಿಲ್ಲ."

ಅಂಗಡಿಯ ಹಿಂದೆ ಒಂದು ಸಣ್ಣ ಅಂಗಳ. ನಡುವೆ ಗಾಜಿನ ಬಾಗಿಲು. ಅವಳು ತಲೆಗೆ ಬಟ್ಟೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮಣೆ ಹಾಕಿ ಕೂತಳು. ಬಾಗಿಲ ಸಂದಿಗೆ ಒದ್ದೆ ಚಿಂದಿ ತುರುಕಿದಳು. ಅವನು ಗಾಜಿನ ಈಚೆ ನಿಲ್ಲಬೇಕು, ಅವಳು ಕೆಲಸ ಮುಗಿಸಿ ಸ್ನಾನ ಮಾಡಿ ಬರುವ ತನಕ ಆ ಬಾಗಿಲು ತೆರೆಯಬಾರದು. ಕರಾರು ಅವಳೇ ಬರೆದದ್ದು.

ಮೊದಲನೆಯ ಸಂಪುಟ. ಅವಳು ರಟ್ಟು ಬಿಡಿಸಿದಳು, ಪರವಾಗಿಲ್ಲ. ಬಟ್ಟೆ ಸುಲಿದಳು, ಪರವಾಗಿಲ್ಲ. ಅಪ್ಪನ ಅಂಟು ಹಳದಿ ಬಣ್ಣಕ್ಕೆ ತಿರುಗಿ ಕಲ್ಲಾಗಿ ಕೂತಿದ್ದು ಕಾಣಿಸಿತು. ಅವಳು ಕತ್ತಿ ಇಟ್ಟಳು. ನೆಟ್ಟಗೆ ಇಟ್ಟಳು. ಓರೆ ಇಡಬೇಕು. ಬೈಂಡರ್ ಗಾಜು ತಟ್ಟಿದ; ಅವಳು ಅತ್ತ ನೋಡುವಷ್ಟರಲ್ಲಿ ಕತ್ತಿ ಜಾರಿ ಒಳಗಿಳಿದಿತ್ತು. ಒಂದು ಫಾರಮ್ಮಿನ ಮಡಿಕೆ ಉದ್ದಕ್ಕೆ ಹರಿದು, ಎಂಟು ಹಾಳೆ ಸಡಿಲಾಗಿ ಅವಳ ಮಡಿಲಿಗೆ ಬಿದ್ದವು.

ಅವನ ಕೈ ಚಿಲಕದ ಮೇಲಿತ್ತು. ಯಾವಾಗ ಹೋಯಿತೋ ಅವನಿಗೇ ತಿಳಿಯದು. ಎರಡು ಹೆಜ್ಜೆ ಆಚೆ ಇಟ್ಟು, ಕತ್ತಿ ತೆಗೆದುಕೊಂಡು, ಹೀಗೆ, ಎಂದು ಒಂದು ಸಲ ತೋರಿಸಿ ಬಂದರೆ ಮುಗಿಯಿತು. ಅರ್ಧ ನಿಮಿಷದ ಧೂಳು. ಮೂವತ್ತೊಂಬತ್ತು ಸಂಪುಟ ಉಳಿಯುತ್ತಿದ್ದವು.

ಅವಳು ತಲೆಯೆತ್ತಿ ಚಿಲಕದ ಮೇಲಿನ ಕೈಯನ್ನು ನೋಡಿದಳು. ಹರಿದ ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡೇ, ಕತ್ತಿಯ ತುದಿಯನ್ನು ಅವನ ಕಡೆ ಮಾಡಿ, ತೆಗೀರಿ ನೋಡೋಣ ಎನ್ನುವಂತೆ ಹುಬ್ಬು ಹಾರಿಸಿದಳು. ಬಟ್ಟೆಯ ಸಂದಿಯಲ್ಲಿ ಕಾಣುತ್ತಿದ್ದಷ್ಟೂ ಮುಖ ಕೆಂಪಗಾಗಿತ್ತು.

ಬೈಂಡರ್ ಕೈ ತೆಗೆದ. ಗಾಜಿನ ಮೇಲೆ ಅಂಗೈಯನ್ನು ಕತ್ತಿಯಂತೆ ಓರೆ ಹಿಡಿದು ತೋರಿಸಿದ. ಅವಳು ಅದನ್ನು ನೋಡಿ ಕತ್ತಿಯನ್ನು ಸ್ವಲ್ಪ ವಾಲಿಸಿದಳು. ಇನ್ನೂ, ಎಂದು ಅವನು ಕೈ ಇನ್ನಷ್ಟು ವಾಲಿಸಿದ. ಅವಳು ಬಗ್ಗಿ ಕೆರೆಯತೊಡಗಿದಳು. ಮೊದಲ ಎರಡು ಗೀರು ಅವನಿಗೆ ಕಂಡವು, ಒಂದು ಸರಿ, ಒಂದು ತಪ್ಪು. ಆಮೇಲೆ ಬಿಳಿ ಧೂಳು ಎದ್ದು ಗಾಜನ್ನೆಲ್ಲ ಮುಚ್ಚಿತು. ಕೈಯನ್ನು ಹಾಗೇ ಓರೆ ಹಿಡಿದುಕೊಂಡು, ಆಚೆಯಿಂದ ಬರುವ ಸದ್ದಿಗೆ ಕಿವಿಗೊಟ್ಟು, ಹರಿಯಿತೋ ಉಳಿಯಿತೋ ಎಂದು ಅವನು ನಿಂತೇ ಇದ್ದ.